ಡ್ರೆವರ್ ಮನೆಯ ಏಳನೆಯ ಕೋಣೆ

ದೂರದ ಉತ್ತರದ ಆರ್ಕ್ನಿ ದ್ವೀಪದ ಡಿಸೆಂಬರಿನಲ್ಲಿ ಬೆಳಗಾಗುವುದು ಒಂಬತ್ತಕ್ಕೆ. ಅದೂ ಸೂರ್ಯನಿಗೆ ಮನಸ್ಸಿದ್ದರೆ. ಅಷ್ಟರಲ್ಲಿ ಇಂಗ್ರಿತ್ ಸ್ಕಾಲಿ ಅಳತೆಪಟ್ಟಿ ಹಿಡಿದು ಮ್ಯಾಗ್ನಸ್ ಡ್ರೆವರ್ ಅವರ ಕಲ್ಲುಮನೆಗೆ ಒಂದು ಸುತ್ತು ಹಾಕಿಯಾಗಿದೆ. ಕೋಣೆಗೊಂದು ಕಿಟಕಿಯ ಮನೆ. ಹೊರಗೆ ಏಳು ಕಿಟಕಿ. ಕಾಗದದಲ್ಲಿ ಆರು ಕೋಣೆ.

ಎಣ್ಣೆಯ ಬಾಯ್ಲರ್, ಒಲೆ ಕಿತ್ತು, ಹೊರಗಾಳಿಯಿಂದಲೇ ಬಿಸಿ ಹೀರುವ ಹೀಟ್ ಪಂಪ್ ಹಾಕಿಸುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಯಾವ ಮನೆಗೆ ಎಷ್ಟು ದೊಡ್ಡ ಪಂಪ್ ಬೇಕೆಂದು ಕೋಣೆ ಕೋಣೆ ಅಳೆದು ಬರೆಯುವುದು ಐವತ್ತೇಳರ ಇಂಗ್ರಿತ್ ಅವರ ಕೆಲಸ. ದಿನಕ್ಕೆ ಎರಡು ಮನೆ. ದೋಣಿ ಸಮಯಕ್ಕೆ ಬಂದರೆ ಮೂರು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಇದೇ ಮನೆಗಳಿಗೆ ಟ್ಯಾಂಕರಿನಲ್ಲಿ ಎಣ್ಣೆ ತಂದು ಸುರಿದವರು. ಮಂಜಿನಲ್ಲಿ ಜಾರಿಬಿದ್ದು ಸೊಂಟ ಮುರಿದ ಮೇಲೆ ಈ ಉದ್ಯೋಗ. "ಹೆಂಡ ಮಾರಿದವಳೇ ಕುಡಿತ ಬಿಡಿಸೋಕೆ ಬಂದಂಗಿದೆ, ಅಲ್ವಾ?" ಎಂದು, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ಹೇಳಿ ನಗುತ್ತಾರೆ.

ಅವರದೊಂದು ಪದ್ಧತಿಯಿದೆ. ಖಾಲಿ ಕೋಣೆಯಾದರೂ ಬಾಗಿಲು ತಟ್ಟಿ, ಎರಡು ಉಸಿರಿನಷ್ಟು ಕಾಯುತ್ತಾರೆ. "ಹಳೇ ಮನೆಗಳು. ಹೇಳದೆ ಕೇಳದೆ ನುಗ್ಗಬಾರದು."

ಏಳನೆಯ ಕೋಣೆ ಮುಚ್ಚಿ ಮೂವತ್ತೊಂದು ವರ್ಷ. ಕಳೆದ ಸಲ ಮ್ಯಾಗ್ನಸ್ ಮಾತು ಕೇಳಿ ಅದನ್ನು ಬಿಟ್ಟು ಬರೆದದ್ದೇ ತಪ್ಪಾಯಿತು. ಒಳಗಿನ ಅಳತೆಗೂ ಹೊರಗಿನದಕ್ಕೂ ತಾಳೆಯಾಗದೆ ಅರ್ಜಿ ವಾಪಸು ಬಂದಿದೆ. ಇಂದೇ ಕೊನೆಯ ದಿನ. ತಪ್ಪಿದರೆ ಮ್ಯಾಗ್ನಸ್ ಅವರ ತಂಗಿ ಬೆಲ್ಲಾ, ಕೆಟ್ಟ ಶ್ವಾಸಕೋಶ ಇಟ್ಟುಕೊಂಡು, ಇನ್ನೊಂದು ಚಳಿಗಾಲವನ್ನೂ ಸೀಮೆಎಣ್ಣೆ ಒಲೆಯ ಹೊಗೆಯಲ್ಲೇ ಕಳೆಯಬೇಕು.

"ಅದು ಅಮ್ಮನ ಕೋಣೆ, ಹುಡುಗಿ. ತೆಗೆಯೋ ಹಾಗಿಲ್ಲ," ಎನ್ನುತ್ತಾರೆ ಎಂಬತ್ತೊಂದರ ಮ್ಯಾಗ್ನಸ್. "ತೆಗೆದರೆ ನಾನು ಸಹಿ ಹಾಕಲ್ಲ."

ಅಡುಗೆಮನೆಯಿಂದ ಬೆಲ್ಲಾ ಕೆಮ್ಮುತ್ತಲೇ ರೇಗುತ್ತಾರೆ. "ಅಮ್ಮ ಸತ್ತಿದ್ದು ಆಸ್ಪತ್ರೇಲಿ ಕಣೋ, ಆ ಕೋಣೇಲಲ್ಲ!"

"ಅದನ್ನೇ ನಾನೂ ಕೇಳ್ತಿರೋದು. ಹಾಗಾದ್ರೆ ಒಳಗಿರೋದು ಯಾರು?" ಎನ್ನುತ್ತಾರೆ ಮ್ಯಾಗ್ನಸ್.

ಇಂಗ್ರಿತ್ ಬಾಗಿಲು ತಟ್ಟುತ್ತಾರೆ. ಎರಡು ಉಸಿರು. ಆಮೇಲೆ ಶಾಖ ಅಳೆಯುವ ಯಂತ್ರವನ್ನು ಗೋಡೆಯತ್ತ ಹಿಡಿಯುತ್ತಾರೆ. ನಾವು ನಿಂತ ನಡುಮನೆಯಲ್ಲಿ ಒಂಬತ್ತು ಡಿಗ್ರಿ. ಆ ಗೋಡೆಯಲ್ಲಿ ಹತ್ತೊಂಬತ್ತು. ಅತ್ತ ಕೊಳವೆಯಿಲ್ಲ, ಹೊಗೆಗೂಡಿಲ್ಲ. ಯಂತ್ರ ಆರಿಸಿ ಮತ್ತೆ ಹಿಡಿಯುತ್ತಾರೆ. ಹತ್ತೊಂಬತ್ತು.

"ನಾನು ತೆಗೆಯಲ್ಲ, ಮ್ಯಾಗ್ನಸ್. ಹೊರಗಿನ ಅಳತೇಲಿ ಗೋಡೆ ದಪ್ಪ ಕಳೆದರೆ ಸಾಕು, ಕೋಣೆ ಅಳತೆ ಸಿಗುತ್ತೆ."

ಬಿಸಿಯ ಸಲಕರಣೆಯಿಲ್ಲದ ಕೋಣೆಯನ್ನು ತಣ್ಣನೆಯದೆಂದೇ ಬರೆಯಬೇಕೆಂಬುದು ನಿಯಮ, ಹಾಗೆಯೇ ಬರೆಯುತ್ತಾರೆ. ಪಂಪ್ ಒಂದು ಅಳತೆ ದೊಡ್ಡದೇ ಸಿಗುತ್ತದೆ. ಮ್ಯಾಗ್ನಸ್ ಎರಡು ಸಲ ಓದಿ ಸಹಿ ಹಾಕುತ್ತಾರೆ.

ಅರ್ಜಿ ಹಿಡಿದು ದೋಣಿಗೆ ನಡೆಯುವಾಗ ಇಂಗ್ರಿತ್ ಒಮ್ಮೆ ಮಾತ್ರ ತಿರುಗಿ ನೋಡುತ್ತಾರೆ. ಆರು ಕಿಟಕಿಗಳ ಗಾಜಿಗೆ ಹಿಮ ಕಟ್ಟಿದೆ. ಏಳನೆಯದಕ್ಕಿಲ್ಲ.

"ಪಂಪ್ ಬೇಗ ಬರಲಿ," ಎನ್ನುತ್ತಾರೆ. "ಇಷ್ಟು ವರ್ಷ ಈ ಮನೆ ಕಾಯಿಸಿದೋರು ಯಾರೋ, ಪಾಪ, ಅವರಿಗೂ ರಜೆ ಸಿಗಲಿ."