ಮೀನಿನ ಯಾರ್ಡಿನ ಪ್ರಾಮಾಣಿಕ ಅಧಿಕಾರಿ

ಪತ್ರಿಕೆಗೆ ಸೇರಿದ ಹೊಸತರಲ್ಲಿ ಬಂದರಿನ ಸುದ್ದಿ ನನ್ನ ಪಾಲಿಗಿತ್ತು. ಹಂಪನಕಟ್ಟೆಯಿಂದ ಇಳಿದು ಹೊಳೆ ದಂಡೆಯ ಮೀನಿನ ಯಾರ್ಡಿಗೆ ಹೋಗುತ್ತಿದ್ದೆ. ಉಪ್ಪಿಗೆ ಭಾರಿ ಸುಂಕವಿದ್ದ ಬ್ರಿಟಿಷರ ಕಾಲ ಅದು; ಮೀನು ಒಣಗಿಸುವವರಿಗೆ ಮಾತ್ರ ಸರಕಾರ ಅಲ್ಲಿ ಸುಂಕವಿಲ್ಲದ ಉಪ್ಪು ಕೊಡುತ್ತಿತ್ತು. ಆ ಉಪ್ಪನ್ನು ಬೇಲಿಯೊಳಗೆ ಮೀನಿಗೇ ಹಾಕಬೇಕು, ಒಂದು ಹರಳೂ ಹೊರಗೆ ಹೋಗಕೂಡದು ಎಂಬುದು ಶರತ್ತು. ಅದಕ್ಕಾಗಿ ಗೇಟಿನಲ್ಲಿ ಉಪ್ಪಿನ ಇಲಾಖೆಯ ಕಾವಲು.

ಬಂಗುಡೆ ರಾಶಿ ಬಿದ್ದ ಒಂದು ಬೆಳಿಗ್ಗೆ ಮೊಗವೀರರ ವಿಧವೆಯೊಬ್ಬಳನ್ನು ಪೇದೆ ಗೇಟಿನಲ್ಲಿ ತಡೆದ. ಸೆರಗಿನ ಗಂಟಿನಲ್ಲಿ ಒಂದು ಹಿಡಿ ಉಪ್ಪು ಸಿಕ್ಕಿತು.

“ಎಂತ ಅಕ್ಕ ಇದು?”

“ಕಾಣುದಿಲ್ವಾ? ಉಪ್ಪು. ಮಕ್ಕಳ ಗಂಜಿಗೆ. ನನ್ನ ಬೆವರಿನಲ್ಲೂ ಉಪ್ಪುಂಟು ಮಾರಾಯ, ಅದನ್ನೂ ಕೆರೆದು ತೆಗೆ!”

ಹಿಂದಿದ್ದ ಹೆಂಗಸರು ನಕ್ಕರು. ಪೇದೆಯೂ ನಕ್ಕ. ಬಿಟ್ಟುಬಿಡುತ್ತಿದ್ದನೇನೋ, ಅಷ್ಟರಲ್ಲಿ ಅಧಿಕಾರಿ ಹೊರಗೆ ಬಂದ.

ಆಕೆ ನಿಯಮ ಮುರಿದದ್ದು ನಿಜ. ಆದರೆ ಮೊದಲ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡುವ ಅಧಿಕಾರ ಆತನಿಗಿತ್ತು. ಆತ ಯಾರ್ಡಿನಲ್ಲಿ ಮೀನು ಒಣಗಿಸುವ ಆಕೆಯ ಪರವಾನಗಿಯನ್ನೇ ರದ್ದು ಮಾಡಿದ. ಅಂಗಡಿ ಉಪ್ಪು ಕೊಂಡು ಮೀನು ಒಣಗಿಸುವುದು ಆಕೆಯಂಥವರಿಗೆ ಆಗದ ಮಾತು. ಪರವಾನಗಿ ಹೋದರೆ ಆ ಮನೆಯ ಅನ್ನವೇ ಹೋದಂತೆ.

“ಧಣಿಗಳೇ, ಒಂದು ಸಲ ಬಿಡಿ.”

“ನಿನ್ನನ್ನು ಬಿಟ್ಟರೆ ನಾಳೆ ಎಲ್ಲರನ್ನೂ ಬಿಡಬೇಕಾಗ್ತದೆ.”

ನಾನು ಕೇಳಿದಾಗಲೂ ಆತ ಶಾಂತವಾಗಿಯೇ ಹೇಳಿದ: “ಮುಖ ನೋಡಿ ಕಾನೂನು ನಡೆಸುವವ ನಾನಲ್ಲ.”

ಸುಳ್ಳಲ್ಲ. ಹಿಂದಿನ ಅಧಿಕಾರಿ ನಾಲ್ಕು ಬಂಗುಡೆ ತೆಗೆದುಕೊಂಡು ಕಣ್ಣು ಮುಚ್ಚುತ್ತಿದ್ದ. ಈತ ಯಾರ ಮೀನನ್ನೂ ಮುಟ್ಟಿದವನಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ. ಲಂಚಕೋರನ ಕಾಲದಲ್ಲಿ ಉಂಡ ಮಕ್ಕಳು ಪ್ರಾಮಾಣಿಕನ ಕಾಲದಲ್ಲಿ ಉಪವಾಸ ಬೀಳುವುದಾದರೆ ಆ ಪ್ರಾಮಾಣಿಕತೆ ಯಾರಿಗಾಗಿ? ಮೂಟೆಗಟ್ಟಲೆ ಉಪ್ಪು ಸಾಗಿಸುವವನನ್ನೂ ಗಂಜಿಗೆ ಹಿಡಿ ಉಪ್ಪು ಒಯ್ದವಳನ್ನೂ ಬೇರೆಬೇರೆಯಾಗಿ ನೋಡಲೆಂದೇ ಅಲ್ಲಿ ಮನುಷ್ಯನನ್ನು ಇಟ್ಟದ್ದು. ಇಲ್ಲದಿದ್ದರೆ ಗೇಟಿಗೆ ಒಂದು ಬೀಗ ಸಾಕಿತ್ತು.

ಒಳಗಿದ್ದ ತನ್ನ ಮೀನನ್ನಾದರೂ ಕೊಡಿ ಎಂದು ಆಕೆ ಕೇಳಿದಳು. ಆತ ಒಪ್ಪಿದ. ಆದರೆ ಮೀನಿಗೆ ಆಗಲೇ ಉಪ್ಪು ಹಾಕಿಯಾಗಿತ್ತು, ಪರವಾನಗಿ ಇಲ್ಲದವಳು ಸರಕಾರದ ಉಪ್ಪು ಒಯ್ಯುವಂತಿಲ್ಲ.

“ತೊಳೆದು ಕೊಂಡುಹೋಗು” ಎಂದ.

ಆಕೆ ಬಾವಿಕಟ್ಟೆಯ ಬಳಿ ಕೂತು ಒಂದೊಂದೇ ಬಂಗುಡೆಯ ಹೊಟ್ಟೆಯಿಂದ ಉಪ್ಪು ಕೆರೆದು ತೊಳೆದಳು. ಪೇದೆ ಮುಖ ಎತ್ತದೆ ನೀರು ಸೇದಿ ಹೊಯ್ದ. ಬಿಸಿಲೇರುವಷ್ಟರಲ್ಲಿ ಮೀನು ನಾರತೊಡಗಿತು. ಸಂಜೆ ಯಾರದೋ ಗಾಡಿ ಬಂದು, ತೆಂಗಿನ ಬುಡಕ್ಕೆ ಗೊಬ್ಬರವೆಂದು ಅಷ್ಟನ್ನೂ ತುಂಬಿಕೊಂಡು ಹೋಯಿತು.