ಫರ್ಸಿ ಚೂರು, ನೀಲಿ ಡ್ರಮ್ಮು

ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಶಹಾಪುರಕ್ಕೆ ಮರಳಿದ ವರ್ಷ, ಮಾಳಿಗೆಯ ಮೇಲೆ ಮೀನು ಸಾಕಿ ಅದರ ನೀರಿನಲ್ಲೇ ಸೊಪ್ಪು ಬೆಳೆಯುತ್ತೇನೆಂದು ಮನೆಯಲ್ಲಿ ಪ್ರಕಟಿಸಿದೆ. ಕೆಳಗೆ ಮೀನಿನ ತೊಟ್ಟಿ, ಮೇಲೆ ಕಲ್ಲು ತುಂಬಿದ ಪಾತಿ. ಪಂಪು ಮೀನಿನ ಕೊಳೆನೀರನ್ನು ಪಾತಿಗೆ ಏರಿಸುತ್ತದೆ, ಗಿಡಗಳು ಅದರ ಸಾರ ಹೀರುತ್ತವೆ, ತಿಳಿನೀರು ಮೀನಿಗೆ ಮರಳುತ್ತದೆ. ಮಣ್ಣು ಬೇಡ.

ಪಾತಿಗೆ ಡ್ರಮ್ಮು ಬೇಕಿತ್ತು. ಹೆಂಡತಿಯ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ಮಾಡಿದೆ. ನಮ್ಮ ಓಣಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಅವಳು ನೀರು ತುಂಬಿಡುತ್ತಿದ್ದದ್ದು ಅದರಲ್ಲೇ.

“ಶ್ರಾವಣದ ತನಕ ನೋಡ್ತೇನಿ,” ಅಂದಳು. “ಪುದಿನಾ ಬರಲಿಲ್ಲಂದ್ರ ಮೀನ ಊರ ಕೆರಿಗೆ ಬಿಟ್ಟು ಬರ್ರಿ. ತೊಟ್ಟಿ ನನಗ.”

ಪಾತಿಗೆ ಸುಟ್ಟ ಮಣ್ಣಿನ ಗುಂಡು ತುಂಬಬೇಕೆಂದು ಓದಿದ್ದೆ. ಅವು ಸಿಗಲಿಲ್ಲ. ಓಣಿಯ ತುದಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕೊರೆದು ಮಾರುವ ಚಾಚಾ, ತಮ್ಮ ಚೂರುಗಳ ಗುಡ್ಡೆ ತೋರಿಸಿದರು.

“ಒಯ್ಯಿರಿ ಸಾಬ್, ಪುಕ್ಕಟ. ನನಗೂ ಜಾಗಾ ಆಗ್ತದ.”

ಒಂದೇ ಮೂಲವನ್ನು ನಂಬಬಾರದು ಎಂಬುದು ನಮ್ಮ ಕಸುಬಿನ ನಿಯಮ. ಆದ್ದರಿಂದ ಚಾಚಾ ಕುಳಿತಿದ್ದ ಹೊರಸಿನ ಮೇಲೆಯೇ ಕುಳಿತಿದ್ದ ಅವರ ಅಳಿಯನನ್ನೂ ಕೇಳಿದೆ. “ಹೌದ್ರಿ, ಚೊಲೊ ಕಲ್ಲು,” ಅಂದ. ಸುದ್ದಿ ಖಚಿತವಾಯಿತು.

ಚೂರು ತುಂಬಿ ಪುದಿನಾ ನೆಟ್ಟೆ. ಮೂರು ವಾರಕ್ಕೆ ಅದು ಹಳದಿಯಾಯಿತು. ಮೊದಲು ಬಿಸಿಲನ್ನು, ನಂತರ ಪುದಿನಾ ಕೊಟ್ಟ ಸೊಪ್ಪಿನವಳನ್ನು ಹೊಣೆ ಮಾಡಿದೆ. ಒಂದು ಮಧ್ಯಾಹ್ನ ಹೆಂಡತಿ ಶರಬತ್ತಿಗೆ ಹಿಂಡಿದ ನಿಂಬೆಹೋಳನ್ನು ಪಾತಿಗೆ ಎಸೆದಳು.

“ರೀ, ನಿಮ್ಮ ಕಲ್ಲು ನೊರಿ ಕಾರಾಕತ್ತಾವ ನೋಡ್ರಿ.”

ಹುಳಿ ತಾಗಿದರೆ ನೊರೆ ಬರುವುದು ಸುಣ್ಣಕ್ಕೆ. ಫರ್ಸಿ ಎಂದರೆ ಸುಣ್ಣದ ಕಲ್ಲು. ಅದು ನೀರಿಗೆ ಸುಣ್ಣ ಬಿಡುತ್ತಿತ್ತು. ಗಿಡಕ್ಕೆ ಕಬ್ಬಿಣದಂಶ ದಕ್ಕದೆ ಎಲೆ ಬಿಳಚುತ್ತಿತ್ತು. ಹುಟ್ಟಿದಾಗಿನಿಂದ ಅದರ ಮೇಲೆಯೇ ಕುಳಿತು ಉಂಡಿದ್ದೆ. ಅದೇನೆಂದು ಒಮ್ಮೆಯೂ ಕೇಳಿರಲಿಲ್ಲ.

ಜೇಬಿನಲ್ಲಿ ನಿಂಬೆಹಣ್ಣಿಟ್ಟುಕೊಂಡು ಸುರಪುರ ರಸ್ತೆಯ ಕ್ರಷರಿಗೆ ಹೋದೆ. ಗುಡ್ಡದ ಕಲ್ಲಿನ ಜಲ್ಲಿಯ ಮೇಲೆ ಹಿಂಡಿದೆ.

“ದೃಷ್ಟಿ ತಗಿಯಾಕ ಬಂದೀರೇನ್ರಿ?” ಅಂದ ಅಲ್ಲಿಯ ಕೆಲಸಗಾರ.

ನೊರೆ ಬರಲಿಲ್ಲ. ಫರ್ಸಿ ಚೂರನ್ನು ಮಾಳಿಗೆಯ ಮೂಲೆಗೆ ಸುರಿದು, ಆ ಜಲ್ಲಿಯನ್ನೇ ತಂದು ತೊಳೆದು ತುಂಬಿ, ಹೊಸ ಪುದಿನಾ ನೆಟ್ಟೆ.

ಶ್ರಾವಣಕ್ಕೆ ಎರಡು ದಿನ ಮೊದಲು ಹೆಂಡತಿ ಹಸಿರು ಎಲೆ ಕಿತ್ತು, ತಿಕ್ಕಿ ಮೂಸಿದಳು. “ತೊಟ್ಟಿ ನಿಮಗಿರ್ಲಿ. ನಾಳೆ ನನಗೊಂದು ಡ್ರಮ್ಮು ತರ್ರಿ. ಆ ಚೂರು ಇವತ್ತೇ ಕೆಳಗಿಳಿಸ್ರಿ.”

ಬುಟ್ಟಿಯಲ್ಲಿ ಹೊತ್ತು ಓಣಿಯ ತುದಿಗೆ ಒಯ್ದೆ.

“ಯಾಕ ಸಾಬ್, ಕಲ್ಲು ಚೊಲೊ ಇದ್ದಿಲ್ಲೇನು?” ಅಂದರು ಚಾಚಾ.

“ಚೊಲೊ ಅದ. ಕೂಡಾಕ.”

“ಹೌದ್ರಿ,” ಅಂದ ಹೊರಸಿನ ಮೇಲಿದ್ದ ಅಳಿಯ.