ಕೈಗಳಿಗೆ ನಂಬಿಕೆಯ ಮಾತು ಕೊಟ್ಟವರು

ಕಿವಿ ಕೇಳಿಸದ ಮಕ್ಕಳಿಗೆ ವಿದ್ಯೆ ಕಲಿಸುವವರು ಎಲ್ಲ ಕಾಲದಲ್ಲೂ ಕೆಲವರೇ. ಆ ಮಕ್ಕಳ ಕೈಸನ್ನೆಯೂ ಒಂದು ಭಾಷೆಯೆಂದು ಒಪ್ಪಿ, ಅದರ ಮುಂದೆ ತಾವೇ ವಿದ್ಯಾರ್ಥಿಯಾಗಿ ಕುಳಿತವರು ಇನ್ನೂ ಕಡಿಮೆ. ಯೇಸುವಿನಲ್ಲಿ ನಂಬಿಕೆಯಿಡುವುದರಿಂದ ದೊರೆಯುವ ರಕ್ಷಣೆಯ ಮಾತನ್ನು ಆ ಭಾಷೆಯಲ್ಲಿ ತಲುಪಿಸಲು ಹೊರಟು, ತಲುಪಿಸಿಯೇ ತೀರಿದವರು ನಮಗೆ ತಿಳಿದಮಟ್ಟಿಗೆ ಒಬ್ಬರೇ. ಮೂವತ್ತಾರು ವರ್ಷಗಳ ಸೇವೆಯ ಬಳಿಕ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಈ ತಿಂಗಳ ಕೊನೆಯಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಪಕ್ಕದ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿದ ಈ ಲೇಖಕಿಗೆ ಅವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುವುದೇ ಕ್ಷೇಮ. ತಪ್ಪಿದ್ದಲ್ಲಿ ಅವರೇ ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಲಿ.

ಮಕ್ಕಳು ಅವರನ್ನು ಕರೆಯುವುದು ಹೆಸರಿನಿಂದಲ್ಲ. ತೋರುಬೆರಳಿನಿಂದ ಮೂಗಿನ ತುದಿಯನ್ನು ಒಮ್ಮೆ ಒರೆಸಿದರೆ ಅದು ಮೇಡಂ. ಕೆಲಸಕ್ಕೆ ಸೇರಿದ ಮೊದಲ ದಿನ ಮೂಗಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಅವರು ಇಡೀ ಶಾಲೆ ಸುತ್ತಿದ್ದರಂತೆ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ತಂದೆ ಚರ್ಚಿನ ಉಪದೇಶಿ. ಹಾಗಾಗಿ ಪ್ರಾರ್ಥನೆ, ಕ್ರೈಸ್ತ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣ ಎಲ್ಲವೂ ಅವರಿಗೆ ನಾಲಿಗೆಯ ತುದಿಯಲ್ಲಿದ್ದವು. ಆ ನಾಲಿಗೆಯೇ ಮುಂದೊಮ್ಮೆ ತಮ್ಮನ್ನು ದಾರಿ ತಪ್ಪಿಸೀತೆಂದು ಅವರಿಗೆ ತಿಳಿದಿರಲಿಲ್ಲ.

ಅಂದಿನ ಶಾಲೆಯಲ್ಲಿ ಸನ್ನೆ ನಿಷಿದ್ಧ. ಮಕ್ಕಳು ಅಂಗೈಗಳನ್ನು ತೊಡೆಯ ಕೆಳಗಿಟ್ಟು ಕುಳಿತು, ಟೀಚರ ತುಟಿ ನೋಡಿ, ಬಾಯಿಂದಲೇ ಉತ್ತರ ಹೇಳಬೇಕು. ಮೇಡಂ ಆ ನಿಯಮವನ್ನು ಎರಡು ವರ್ಷ ಪಾಲಿಸಿದರು, ಪಾಲಿಸುತ್ತಲೇ ಮುರಿದರು. ತರಗತಿಯಲ್ಲಿ ಬಾಯಿಪಾಠ, ಸಂಜೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಹುಡುಗಿಯರಿಂದ ಕೈಪಾಠ. ಮೇಡಮ್ಮಿನ ಸನ್ನೆ ಎಷ್ಟು ಕೆಟ್ಟದಾಗಿತ್ತೆಂದರೆ, ‘ನಾಳೆ ಪರೀಕ್ಷೆ’ ಎಂದು ಹೇಳಲು ಹೋಗಿ ‘ನಾಳೆ ಮದುವೆ’ ಎಂದುಬಿಟ್ಟರಂತೆ. ಮರುದಿನ ಒಬ್ಬಳೂ ಓದಿಕೊಂಡು ಬರಲಿಲ್ಲ, ಎಲ್ಲರೂ ತಲೆ ಬಾಚಿಕೊಂಡು ಬಂದರು.

ಪೋಷಕರು ಭೇಟಿಗೆ ಬರುವ ದಿನ ಅವರು ಅಪ್ಪ-ಅಮ್ಮ ಮತ್ತು ಮಕ್ಕಳ ನಡುವೆ ಕುರ್ಚಿ ಹಾಕಿಕೊಂಡು, ಇವರ ಮಾತನ್ನು ಅವರಿಗೆ ದಾಟಿಸುತ್ತ ಇಡೀ ದಿನ ಕಳೆಯುತ್ತಿದ್ದರು. ಹನ್ನೊಂದು ವರ್ಷದ ಮಗಳೊಂದಿಗೆ ಅಂದಿನವರೆಗೂ ಒಂದು ಪೂರ್ತಿ ವಾಕ್ಯ ಆಡಿರದ ಬಸ್ ಚಾಲಕರೊಬ್ಬರು, “ಅವಳಿಗೆ ನನ್ನಿಂದ ಏನು ಬೇಕು ಅಂತ ಕೇಳಿ ಮೇಡಂ” ಎಂದರು. ಮಗಳು ಹಿಂದೆಮುಂದೆ ನೋಡದೆ ಕೈಯಾಡಿಸಿದಳು. “ಮೀಸೆ ಬೋಳಿಸಿ ಅಂತಿದ್ದಾಳೆ. ತುಟಿ ಕಾಣಲ್ವಂತೆ.” ಮುಂದಿನ ಭೇಟಿಗೆ ಬಂದ ಆ ಮನುಷ್ಯನನ್ನು ಕಾವಲುಗಾರ ಗುರುತು ಹಿಡಿಯದೆ ಗೇಟಿನಲ್ಲೇ ತಡೆದ.

ಆದರೆ ಮೇಡಮ್ಮಿನ ಬದುಕನ್ನೇ ತಿರುಗಿಸಿದ ಪ್ರಸಂಗ ಅವರ ಸೇವೆಯ ಹನ್ನೆರಡನೆಯ ವರ್ಷದ್ದು. ಅವರಲ್ಲೇ ಓದಿ, ಶಾಲೆಯ ಮರಗೆಲಸದ ಶೆಡ್ಡಿನಲ್ಲಿ ಬಡಗಿಯಾಗಿ ಸೇರಿದ್ದ ಹತ್ತೊಂಬತ್ತರ ತರುಣನೊಬ್ಬನಿದ್ದ. ಹುಟ್ಟುಕಿವುಡ. ತಾಯಿ ಹೊಲಿಗೆಯಾಕೆ. ಪ್ರತಿ ಭಾನುವಾರ ತಾಯಿ-ಮಗ ಚರ್ಚಿನ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಯೇಸುವಿನ ಮರಣದ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿಯ ತಟ್ಟೆ ಬೆಂಚಿನುದ್ದಕ್ಕೂ ಬರುವುದು, ತಾಯಿ ತೆಗೆದುಕೊಳ್ಳುವುದು, ತಟ್ಟೆ ಮಗನ ಎದೆಯ ಮುಂದಿನಿಂದ ಹಾದು ಆಚೆಯವರ ಕೈಗೆ ಹೋಗುವುದು. ವಿಶ್ವಾಸಪ್ರಮಾಣವನ್ನು ಚರ್ಚು ನಡೆಸುವ ಹಿರಿಯರ ಮುಂದೆ ಹೇಳಿ ಒಪ್ಪಿಸದವರಿಗೆ ತಟ್ಟೆ ನಿಲ್ಲುವಂತಿರಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿದು ಜನ ಚದುರುವಾಗ ಅವನು ಮೇಡಮ್ಮಿನ ತೋಳು ತಟ್ಟಿ ನಿಲ್ಲಿಸಿದ. ಅವನ ಕೈಗಳು ನಿಧಾನವಾಗಿ ಆಡಿದವು.

“ಯೇಸು ಸತ್ತಿದ್ದು ನನಗೋಸ್ಕರಾನೂನಾ? ಅಥವಾ ಕಿವಿ ಇರೋರಿಗೆ ಮಾತ್ರಾನಾ?”

ಮೇಡಂ “ನಿನಗೋಸ್ಕರಾನೂ” ಎಂದು ಕೈಯಲ್ಲಿ ಹೇಳಿದರು, ಇನ್ನೊಮ್ಮೆ ಹೇಳಿದರು. ಅವನು ತಟ್ಟೆ ಇಟ್ಟಿದ್ದ ಮೇಜಿನತ್ತ ನೋಡಿದ.

ಮೇಡಂ ಅದೇ ವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿದ್ದ ಐವರು ಹಿರಿಯರ ಮುಂದೆ ನಿಂತರು. ಅವರಲ್ಲಿ ಎಲ್ಲರಿಗಿಂತ ಹಿರಿಯರು ನಿವೃತ್ತ ಸ್ಟೇಷನ್ ಮಾಸ್ತರರು. ನಿಯಮವೆಂದರೆ ಅವರಿಗೆ ರೈಲಿನ ಹಳಿ.

“ಏನಂದ್ರಿ? ಸ್ವಲ್ಪ ಗಟ್ಟಿಯಾಗಿ ಹೇಳಮ್ಮ,” ಎಂದು ಎರಡು ಸಲ ಹೇಳಿಸಿಕೊಂಡು ಕೊನೆಗೆ ತೀರ್ಪು ಕೊಟ್ಟರು: “ಅವನ ಕಿವಿಗೆ ಪಾಸ್ಟರರ ಒಂದು ಪ್ರಸಂಗಾನೂ ಬಿದ್ದಿಲ್ಲ. ಏನನ್ನ ನಂಬಿದ ಅಂತ ನಾವು ತಿಳ್ಕೊಳ್ಳೋದು? ಬಾಯಿಂದ ಹೇಳ್ಲಿ. ಎಲ್ರಿಗೂ ಒಂದೇ ನಿಯಮ.”

“ಹೇಳಿಸ್ತೀನಿ,” ಎಂದರು ಮೇಡಂ.

ಹೇಳಬಾರದಿತ್ತು ಎಂದು ಅವರು ಇಂದಿಗೂ ನೊಂದುಕೊಳ್ಳುತ್ತಾರೆ. ಏಳು ತಿಂಗಳು, ಕೆಲಸ ಮುಗಿಸಿ ದಣಿದು ಬಂದ ಬಡಗಿಯನ್ನು ಕನ್ನಡಿಯ ಮುಂದೆ ಕೂರಿಸಿ, ಉಸಿರು ತೋರಿಸಲು ತುಟಿಯ ಮುಂದೆ ಹಕ್ಕಿಯ ಗರಿ ಹಿಡಿದು, ಗಂಟಲಿನ ಕಂಪನ ತಿಳಿಯಲು ಅವನ ಬೆರಳುಗಳನ್ನು ತಮ್ಮ ಕೊರಳಿಗೆ ಒತ್ತಿಕೊಂಡು, ವಿಶ್ವಾಸಪ್ರಮಾಣದ ಒಂದೊಂದೇ ಪದ ಕಲಿಸಿದರು. ಅವನು ಹಟವಾದಿ, ಕಲಿತ. ಹಿರಿಯರ ಮುಂದೆ ನಿಂತು ಬಾಯಿ ತೆರೆದ. ಹೊರಬಂದ ಸ್ವರ ಅವನಿಗೆ ಕೇಳಿಸದು. ಕೇಳಿಸಿದವರಿಗೆ ಅದು ಮನುಷ್ಯರ ಮಾತಿನಂತಿರಲಿಲ್ಲ. ಆಚೆ ಕೋಣೆಯಲ್ಲಿ ಕೂಸೊಂದು ಬೆಚ್ಚಿ ಅತ್ತಿತು. ಹಿರಿಯರೊಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಗುವನ್ನು ತಿಳಿಯಲು ಕಿವಿ ಬೇಕಿಲ್ಲ. ಮೂರನೆಯ ವಾಕ್ಯದ ನಡುವೆ ಅವನು ಬಾಯಿ ಮುಚ್ಚಿದ, ಮತ್ತೆ ತೆರೆಯಲಿಲ್ಲ.

ಅಂದಿನಿಂದ ಅವನು ಭಾನುವಾರದ ಆರಾಧನೆಗೆ ಬರುವುದನ್ನು ಬಿಟ್ಟ. ತಾಯಿ ಮೂರನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತು ಎದ್ದುಹೋಗುತ್ತಿದ್ದಳು. “ನನ್ನ ಮಗ ಒಳ್ಳೆಯವನು ಟೀಚರೇ,” ಎಂದು ಮಾತ್ರ ಮೇಡಮ್ಮಿಗೆ ಒಮ್ಮೆ ಹೇಳಿದಳು. ಆ ಮಾತಿನಲ್ಲಿ ದೂರಿರಲಿಲ್ಲ, ಅದೇ ಮೇಡಮ್ಮಿಗೆ ಹೆಚ್ಚು ನಾಟಿತು.

ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಮುಂದೆ ಹಾದುಹೋಗುವಾಗ ಒಳಗಿನಿಂದ ಕೀಸುಳಿಯ ಸದ್ದು ಕೇಳಿ ಮೇಡಂ ಇಣುಕಿದರು. ಬಡಗಿ ಮಂಡಿಯೂರಿ ಕುಳಿತು, ಸೀಳುಬಿಟ್ಟ ಬೆಂಚೊಂದರ ಕಾಲು ತಿದ್ದುತ್ತಿದ್ದ. ಕೀಸಿದ ಮರದ ಹೆರಕಲು ಮೊಣಕಾಲ ಸುತ್ತ ಬಿದ್ದಿತ್ತು. ಹಿಂದಿನ ಸಾಲುಗಳ ಹದಿಮೂರು ಬೆಂಚುಗಳು ಆಗಲೇ ಹೊಸದರಂತೆ ಹೊಳೆಯುತ್ತಿದ್ದವು. ಯಾರೂ ಹೇಳಿರಲಿಲ್ಲ, ಬಿಡುವಿನ ಶನಿವಾರಗಳಲ್ಲಿ ಅವನಾಗಿ ಬಂದು ಮಾಡುತ್ತಿದ್ದ.

“ಯಾಕೆ?” ಎಂದು ಕೇಳಿದರು ಮೇಡಂ.

ಅವನು ಕೀಸುಳಿ ಕೆಳಗಿಟ್ಟ. “ಇಪ್ಪತ್ತೆರಡು ಬೆಂಚಿವೆ. ಬಾಯಿಂದ ಆಗ್ಲಿಲ್ಲ. ಇಷ್ಟೂ ಮಾಡಿದ್ರೆ ದೇವರು ಒಳಗೆ ಬಿಡ್ತಾನಾ? ಸಾಲದಿದ್ರೆ ಬಾಗಿಲೂ ಮಾಡಿಕೊಡ್ತೀನಿ.”

ಮೇಡಂ ಆ ಹೆರಕಲಿನ ಮೇಲೆಯೇ ಕುಳಿತರು. ಹನ್ನೆರಡು ವರ್ಷ ಈ ಹುಡುಗನಿಗೆ ಏನು ಕಲಿಸಿದೆ ಎಂಬ ಪ್ರಶ್ನೆ ಎದೆಗೆ ಒದ್ದಂತಾಯಿತು. ದೇವರ ಕೃಪೆಯನ್ನು ಯಾರೂ ಗಳಿಸಲಾರರು, ಅದು ಪುಕ್ಕಟೆಯ ದಾನ ಎಂದು ಬಾಲ್ಯದಿಂದ ಬಾಯಿಪಾಠ ಮಾಡಿದ್ದ ತಾವೇ, ಆ ದಾನದ ಮುಂದೆ ಏಳು ತಿಂಗಳ ಉಚ್ಚಾರಣೆಯ ಪರೀಕ್ಷೆಯೊಂದನ್ನು ಇಟ್ಟಿದ್ದರು.

“ತಪ್ಪು ನಂದು,” ಎಂದರು. “ನಿನಗೆ ಬಾಯಿಪಾಠ ಮಾಡಿಸಿದ್ನಲ್ಲ, ಅದೂ ನಾನು ಹೊರಿಸಿದ ಒಂದು ಬೆಂಚೇ. ನನ್ನ ಕ್ಷಮಿಸು.”

ಟೀಚರೊಬ್ಬರು ಕ್ಷಮೆ ಕೇಳಿದ್ದನ್ನು ಅವನು ಮೊದಲು ಕಂಡದ್ದು ಅಂದೇ. ಗಾಬರಿಯಿಂದ ನೋಡಿದ. ಮುಂದಿನದನ್ನು ಹೇಳಲು ಮೇಡಮ್ಮಿನ ಬಳಿ ಸನ್ನೆಯಿರಲಿಲ್ಲ. ‘ರಕ್ಷಣೆ’ಗೆ ಶಾಲೆಯಲ್ಲಿದ್ದ ಸನ್ನೆ ಕಾವಲುಗಾರನದು, ‘ನಂಬಿಕೆ’ಗೆ ಇದ್ದದ್ದು ‘ಸರಿ, ಗೊತ್ತು’ ಎಂಬುದು. ಆಗ ಅವರಿಗೆ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು. ಒಂಬತ್ತರ ವಯಸ್ಸಿನಲ್ಲಿ ಈ ಹುಡುಗ ಶಾಲೆಯ ತೋಟದ ತೊಟ್ಟಿಗೆ ಬಿದ್ದಿದ್ದ. ಕೂಗಲು ಬಾರದವನ ಚಪ್ಪಲಿಯೊಂದು ತೇಲುತ್ತಿದ್ದುದನ್ನು ಕಂಡ ಮಾಲಿ ಮೈಮೇಲಿನ ಬಟ್ಟೆಯಲ್ಲೇ ಧುಮುಕಿದ್ದ.

“ತೊಟ್ಟಿಗೆ ಬಿದ್ದಿದ್ದು ನೆನಪಿದ್ಯಾ?”

“ಇದೆ. ಹಸಿರು ನೀರು.”

“ಮೇಲೆ ಬರೋಕೆ ನೀನು ಏನು ಮಾಡ್ದೆ?”

“ನಾನಾ? ಏನೂ ಇಲ್ಲ. ಮುಳುಗ್ತಾ ಇದ್ದೆ. ಮಾಲಿ ಹಿಡಿದ್ರು.” ಹೇಳುತ್ತ ಅವನು ತೋರಿಸಿಯೇಬಿಟ್ಟ: ಎಡಗೈ ಸೋತು ಕೆಳಗೆ ಜೋತಿತು, ಬಲಗೈ ಮೇಲಿನಿಂದ ಬಂದು ಅದರ ಮಣಿಕಟ್ಟನ್ನು ಹಿಡಿಯಿತು, ಆಮೇಲೆ ಎಡಗೈಯ ಬೆರಳುಗಳೂ ಮಡಚಿ ಆ ಕೈಯನ್ನು ಹಿಡಿದುಕೊಂಡವು. “ನಾನೂ ಹಿಡ್ಕೊಂಡೆ. ಅಷ್ಟೇ.”

“ಯಾವ ಕೈ ಮೊದಲು ಹಿಡೀತು?”

ಅವನು ತನ್ನ ಕೈಗಳನ್ನೇ ನೋಡಿಕೊಂಡ. “ಮೇಲಿನದು.”

“ಆ ಮಾಲಿಗೆ ನೀನು ಏನು ಕೊಟ್ಟಿದ್ದೆ?”

ಅವನು ಏನೂ ಇಲ್ಲವೆಂದು ತಲೆಯಾಡಿಸಿದ. ನಂತರ, ಮೇಡಂ ಹೇಳಿಕೊಡದೆ, ಯಾರೂ ಹೇಳಿಕೊಡದೆ, ಬಲ ಅಂಗೈಯ ನಡುವೆ ಬೆರಳೊತ್ತಿ ಮೊಳೆಯ ಗಾಯ ತೋರಿಸಿದ. ಕಿವುಡರ ಭಾಷೆಯಲ್ಲಿ ಯೇಸುವಿನ ಹೆಸರು ಅದೇ. ಗಾಯದ ಆ ಕೈಯನ್ನು ಮೇಲಕ್ಕೆತ್ತಿ, ಕೆಳಗಿಳಿಸಿ, ಸೋತ ಎಡಗೈಯ ಮಣಿಕಟ್ಟನ್ನು ಹಿಡಿದ. ಎಡಗೈಯ ಬೆರಳುಗಳು ಒಂದೊಂದಾಗಿ ಮಡಚಿದವು.

ಮೇಡಂ ಅತ್ತರು. ತಾವು ಹುಟ್ಟಿನಿಂದ ಒಪ್ಪಿಸುತ್ತ ಬಂದದ್ದನ್ನು ಮೊದಲ ಬಾರಿ ಕಂಡದ್ದು ಅಂದು, ತಮ್ಮ ಮಣಿಕಟ್ಟನ್ನೂ ಯಾರೋ ಹಿಡಿದಂತಾಯಿತು ಎಂದು ಅವರೇ ಹೇಳಿದ್ದಾರೆ.

“ಹಾಗಾದ್ರೆ ಈ ಬೆಂಚು?” ಎಂದು ಬಡಗಿ ಕೇಳಿದ.

“ಮುರಿದಿದೆ, ರಿಪೇರಿ ಮಾಡು. ಒಳಗೆ ಬರೋಕಲ್ಲ. ಒಳಗಿದ್ದೀಯಲ್ಲ, ಅದಕ್ಕೆ.”

ಉಳಿದ ಬೆಂಚುಗಳನ್ನು ಅವನು ಮುಗಿಸಿದ. ಅವುಗಳಿಗೆ ಹಿಡಿದ ಕಾಲ ಮೊದಲಿನವುಗಳಿಗೆ ಹಿಡಿದದ್ದರ ಅರ್ಧವೂ ಅಲ್ಲ.

ಮುಂದಿನ ತಿಂಗಳು ಇಬ್ಬರೂ ಮತ್ತೆ ಹಿರಿಯರ ಮತ್ತು ಪಾಸ್ಟರರ ಮುಂದೆ ನಿಂತರು. ಈ ಸಲ ಬಡಗಿ ಬಾಯಿ ತೆರೆಯಲಿಲ್ಲ; ಮೇಡಂ ಅವನ ಕೈಗಳಿಗೆ ಬಾಯಾದರು. “ನೀನು ಯಾವ ಯೋಗ್ಯತೆ ಮೇಲೆ ಪ್ರಭುವಿನ ಮೇಜಿಗೆ ಬರ್ತೀಯ?” ಎಂದು ಸ್ಟೇಷನ್ ಮಾಸ್ತರರು ಕೇಳಿದರು.

“ಯೋಗ್ಯತೆ ಇಲ್ಲ.”

“ಹಾಗಾದ್ರೆ ಯಾವ ಧೈರ್ಯದ ಮೇಲೆ?”

ಬಡಗಿ ಅಂಗೈಯ ಗಾಯ ತೋರಿಸಿ, ಆ ಕೈಯಿಂದ ತನ್ನ ಮಣಿಕಟ್ಟನ್ನು ಹಿಡಿದ. ಮೇಡಂ ಬಾಯಿ ತೆರೆದರು. ಆದರೆ ಸ್ಟೇಷನ್ ಮಾಸ್ತರರು ಕೈಯೆತ್ತಿ ತಡೆದರು.

“ಬೇಡಮ್ಮ. ಅರ್ಥ ಆಯ್ತು.”

ಆ ಮುದುಕರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪಾಸ್ಟರರತ್ತ ತಿರುಗಿದರು. “ಪಾಸ್ಟರೇ, ತಪ್ಪು ತಿಳ್ಕೋಬೇಡಿ. ನಾಲ್ಕು ವರ್ಷದಿಂದ ನನಗೆ ನಿಮ್ಮ ಪ್ರಸಂಗ ಒಂದಕ್ಷರಾನೂ ಕೇಳಿಸ್ತಿಲ್ಲ. ನಾಚಿಕೆಗೆ ಹೇಳಿರ್ಲಿಲ್ಲ. ತಲೆ ಆಡಿಸ್ತಾ ಕೂತಿರ್ತೀನಿ. ಇನ್ಮೇಲೆ ನನ್ನ ಮುಂದೇನೂ ತಟ್ಟೆ ನಿಲ್ಲುತ್ತಾ?”

ಕರವಸ್ತ್ರದ ಹಿರಿಯರು ಈ ಸಲ ಅದರಿಂದ ಕಣ್ಣೊರೆಸಿಕೊಂಡರು. ಪಾಸ್ಟರರು ಎದ್ದು ಬಡಗಿಯ ಕೈ ಕುಲುಕಿದರು. ಮುಂದಿನ ಭಾನುವಾರ ತಟ್ಟೆ ಮೂರನೆಯ ಬೆಂಚಿಗೆ ಬಂದು ನಿಂತಿತು. ಹೊಲಿಗೆಯಾಕೆ ಕೈ ಚಾಚುವ ಮೊದಲೇ ಮಗ ಅವಳಿಗೂ ರೊಟ್ಟಿ ತೆಗೆದುಕೊಟ್ಟ. ಹಿಂದಿನ ಸಾಲಿನಲ್ಲಿದ್ದ ಈ ಲೇಖಕಿ, ಲೆಕ್ಕದ ಟೀಚರೆಂಬ ಬಿಗುಮಾನ ಮರೆತು, ಎಲ್ಲರ ಜೊತೆ ಎದ್ದುನಿಂತು ಹಾಡಿದ್ದುಂಟು.

ಆಮೇಲಿನದು ಗೆಲುವಿನ ಕಥೆ. ವರ್ಷ ತುಂಬುವುದರೊಳಗೆ ಅದೇ ಮೇಜಿಗೆ ಹದಿನಾಲ್ಕು ಮಂದಿ ಕಿವುಡರು ಬಂದರು; ಇಂದು ಅರವತ್ತಕ್ಕೂ ಹೆಚ್ಚು. ಬಡಗಿ ಹುಟ್ಟಿಸಿದ ಆ ಸನ್ನೆ ಈಗ ನಾವು ಕಂಡಿರದ ಊರುಗಳ ಕಿವುಡರ ಕೈಗಳಲ್ಲೂ ‘ನಂಬಿಕೆ’ ಎಂದಾಗಿದೆ. ಮೇಡಂ ಮುಖ್ಯೋಪಾಧ್ಯಾಯಿನಿಯಾದ ದಿನವೇ ಅಂಗೈ ಬಚ್ಚಿಡುವ ನಿಯಮ ತೊಲಗಿತು. ನಮ್ಮ ತರಗತಿಗಳು ಅಂದಿನಿಂದ ಗದ್ದಲದ ತರಗತಿಗಳಾಗಿವೆ, ಸದ್ದೊಂದಿಲ್ಲ ಅಷ್ಟೇ. ಯೇಸುವಿನ ಬದುಕನ್ನು ಆದಿಯಿಂದ ಪುನರುತ್ಥಾನದವರೆಗೆ ಸನ್ನೆಯಲ್ಲಿ ಚಿತ್ರೀಕರಿಸುವ ಕೆಲಸವನ್ನು ಒಂಬತ್ತು ವರ್ಷ ನಡೆಸಿ ಕಳೆದ ವರ್ಷ ಮುಗಿಸಿದರು. ಈ ಸಾಧನೆಗಳನ್ನು ಹೇಳಿದರೆ, “ನಾನು ತಪ್ಪು ಮಾಡಿದೆ, ಅವನು ತಿದ್ದಿದ. ಅದನ್ನ ಬರೀರಿ,” ಎನ್ನುತ್ತಾರೆ. ಬರೆದಿದ್ದೇವೆ.

ನಿವೃತ್ತಿಯೆಂಬ ಪದಕ್ಕೆ ಅವರ ಕೈಯಲ್ಲಿ ಸನ್ನೆಯಿಲ್ಲ. ಕಿವಿಯ ಜೊತೆಗೆ ಕಣ್ಣನ್ನೂ ಕಳೆದುಕೊಂಡ ಹೆಂಗಸರ ಆಶ್ರಮವೊಂದಕ್ಕೆ ಮುಂದಿನ ತಿಂಗಳ ಮೊದಲ ಸೋಮವಾರದಿಂದ ಹೋಗಲಿದ್ದಾರೆ. ಅಲ್ಲಿ ಮಾತನ್ನು ಅಂಗೈಯ ಮೇಲೆ ಬೆರಳಿನಿಂದ ಬರೆದು ತಿಳಿಸಬೇಕು. ಅರವತ್ತನೆಯ ವಯಸ್ಸಿನಲ್ಲಿ ಅವರು ಆ ಅಕ್ಷರಮಾಲೆಯನ್ನು ಮೊದಲಿನಿಂದ ಕಲಿಯುತ್ತಿದ್ದಾರೆ. ಹೋದವಾರ ಅಲ್ಲಿಗೆ ಹೋದಾಗ ಎಪ್ಪತ್ತೆಂಟರ ಅಜ್ಜಿಯೊಬ್ಬರು ಅವರ ಕೈ ಹಿಡಿದೆಳೆದು, “ಯೇಸು ಅನ್ನೋರ ಕಥೆ ಗೊತ್ತಂತಲ್ಲ ನಿಮಗೆ. ಪೂರ್ತಿ ಹೇಳೋಕೆ ಎಷ್ಟು ದಿನ ಬೇಕು?” ಎಂದು ಬರೆದು ಕೇಳಿದರಂತೆ.

ನಮ್ಮ ಪ್ರೀತಿಯ ಮೇಡಮ್ಮಿಗೆ ದೇವರು ದೀರ್ಘಾಯುಸ್ಸನ್ನೂ ದೃಢವಾದ ಬೆರಳುಗಳನ್ನೂ ಕರುಣಿಸಲಿ. ಅಜ್ಜಿ ಕಾಯುತ್ತಿದ್ದಾರೆ.